ಸಿದ್ದಿಗಳು: ಬಿಡುಗಡೆಯ ನಂತರದ ಇತಿಹಾಸ

ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಸಿದ್ದಿ ಹುಡುಗನನ್ನು ಕಂಡರೆ "ಯಾವ ದೇಶದವನಪಾ?" ಎಂದು ಕೇಳುವವರು ಈಗಲೂ ಇದ್ದಾರೆ. ಅವನ ಊರು ಯಲ್ಲಾಪುರವೋ ಹಳಿಯಾಳವೋ ಆಗಿರುತ್ತದೆ. ಹಜರತ್ ಬಿಲಾಲ್ (ರ.ಅ.) ಅವರನ್ನು ಅಜಾನ್‌ನೊಂದಿಗೆ ನೆನೆಯುವ ನಾವೂ ಹೀಗೆ ಕೇಳಿರಬಹುದು.

ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದ ಗುಲಾಮರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಇಂದಿನ ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಆಫ್ರಿಕಾದಿಂದ ಬಂದ ಎಲ್ಲರ ಪಾಡೂ ಒಂದೇ ಆಗಿರಲಿಲ್ಲ. ನಮಗೆ ಹತ್ತಿರದ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಹಬಶಿಯಾದ ಇಖ್ಲಾಸ್ ಖಾನ್ ಮಂತ್ರಿಯಾಗಿದ್ದ. ಹಲವು ಸಲ ಮಾರಾಟವಾದ ಮಲಿಕ್ ಅಂಬರ್, 1626ರಲ್ಲಿ ತೀರಿಕೊಳ್ಳುವವರೆಗೆ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ. ಕಾಡು ಸೇರಿದವರಿಗೆ ಅಂಥ ದಾರಿ ಇರಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ಬ್ರಿಟಿಷ್ ಭಾರತದ 1843ರ 5ನೇ ಕಾಯ್ದೆಯು ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧ ಎನ್ನಲಿಲ್ಲ. 'ಇವನು ನನ್ನ ಆಸ್ತಿ' ಎಂಬ ಒಡೆಯನ ಹಕ್ಕನ್ನು ಕೋರ್ಟು ಮಾನ್ಯ ಮಾಡಬಾರದು ಎಂದಿತು, ಅಷ್ಟೇ. ಗುಲಾಮರ ಕೊಡು-ಕೊಳ್ಳುವಿಕೆಗೆ ಶಿಕ್ಷೆ ಬಂದದ್ದು 1860ರ ದಂಡ ಸಂಹಿತೆಯಿಂದ. ಜಮೀನು ಕೊಡುವ ಮಾತು ಎರಡರಲ್ಲೂ ಇಲ್ಲ. ಸ್ವಂತ ಭೂಮಿಯಿಲ್ಲದ ಸಿದ್ದಿಗಳು ಸಾಲ ತೀರಿಸಲೆಂದು ಭೂಮಾಲೀಕರ ಹೊಲ, ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದರು. ಹೆಸರು ಬದಲಾಯಿತು: ಗುಲಾಮ ಹೋಗಿ ಜೀತದಾಳು.

ಜೀತ ಪದ್ಧತಿ ರದ್ದತಿ ಕಾಯ್ದೆ 1976ರದು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ, ನೌಕರಿಯ ಮೀಸಲಾತಿ ಆಮೇಲೆ ದೊರೆತವು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅವರ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು ಅವರೇ.