ಮಗ್ಗದ ಗುಂಡಿಗೆ ಇಳಿಯದ ಕಾಲು

ಕೊಳ್ಳೇಗಾಲದಲ್ಲಿ ಫೋಟೋ ಸ್ಟುಡಿಯೋ ಇಟ್ಟವನಿಗೆ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜುಗಳ ಜೊತೆಗೆ ಕರೆಯದೆಯೂ ಬಂದು ಸೇರುವ ಇನ್ನೊಂದು ಕೆಲಸವಿದೆ: ಅಪಘಾತದ ಫೋಟೋ. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿ ಬಂತೆಂದರೆ ಹನೂರು, ಕೌದಳ್ಳಿ, ತಾಳಬೆಟ್ಟದ ದಾರಿ ಮಾದಪ್ಪನ ಬೆಟ್ಟಕ್ಕೆ ಹೋಗುವವರಿಂದ ತುಂಬಿಹೋಗುತ್ತದೆ. ರಾತ್ರಿಯೆಲ್ಲ ನಡೆಯುವವರೂ ಇರುತ್ತಾರೆ. ಇತ್ತ ಯಳಂದೂರಿನ ಕಡೆ, ಬೆಂಗಳೂರಿಂದ ಕೊಯಮತ್ತೂರಿಗೆ ಹೋಗುವ ಹೆದ್ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರು ಲಾರಿಯ ಜೊತೆ, ಲಾರಿ ಬೈಕಿನ ಜೊತೆ ಪೈಪೋಟಿಗೆ ಬಿದ್ದಿರುತ್ತವೆ. ಏಟು ಬಿದ್ದವರ ಮನೆಯವರು ನನ್ನನ್ನು ಕರೆಸಿ ಮೊದಲು ಹೇಳುವ ಮಾತು ಒಂದೇ: ‘ರಕ್ತ ಚೆನ್ನಾಗಿ ಕಾಣ್ಲಿ ಕಣಣ್ಣ.’

ರಕ್ತಕ್ಕೆ ರಾಜಿ ಮೇಜಿನಲ್ಲಿ ಬೆಲೆಯಿಲ್ಲ ಎಂದು ಅವರಿಗೆ ಒಪ್ಪಿಸುವುದು ಕಷ್ಟ. ವಿಮಾ ಕಂಪನಿಯ ಅಧಿಕಾರಿ ದಿನವೂ ಅಂಥ ಫೋಟೋ ನೋಡುವವನು. ಗಾಯ ಎಷ್ಟು ಆಳ ಎನ್ನುವುದನ್ನು ಅವನು ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟಿನಲ್ಲಿ, ಎಕ್ಸ್‌ರೇಯಲ್ಲಿ ಓದಿಕೊಳ್ಳುತ್ತಾನೆ. ಅವನು ಫೋಟೋದಲ್ಲಿ ಹುಡುಕುವುದು ಬೇರೆ. ಗಾಡಿ ರಸ್ತೆಯ ಯಾವ ಬದಿಗಿತ್ತು? ತಿರುವು ಎಷ್ಟು ದೂರ? ಗಾಜಿನ ಚೂರು ಎಲ್ಲಿ ಬಿದ್ದಿದೆ? ‘ನಿಮ್ಮ ಹುಡುಗನದೂ ಅರ್ಧ ತಪ್ಪು’ ಎಂದು ಹೇಳಲು ಜಾಗ ಸಿಕ್ಕಿದರೆ ಪರಿಹಾರದಲ್ಲಿ ಅರ್ಧ ಅಲ್ಲಿಗೇ ಹೋಯಿತು.

ಆದ್ದರಿಂದ ನಾನು ದೂರದಿಂದ ಶುರು ಮಾಡುತ್ತೇನೆ. ಮೈಲಿಗಲ್ಲೋ ವಿದ್ಯುತ್ ಕಂಬದ ನಂಬರೋ ಸೇರುವ ಹಾಗೆ ರಸ್ತೆಯ ಎರಡೂ ದಿಕ್ಕಿನಿಂದ ತೆಗೆದು, ಆಮೇಲೆ ಹತ್ತಿರಕ್ಕೆ ಬರುತ್ತೇನೆ. ಟೈರಿನ ಗುರುತಿನ ಪಕ್ಕದಲ್ಲಿ ಅಳತೆ ಟೇಪು ಬಿಚ್ಚಿ ಇಡಲೇಬೇಕು. ಮೊಬೈಲಿನ ಅಗಲ ಲೆನ್ಸು ಇಕ್ಕಟ್ಟಾದ ಹಳ್ಳಿ ರಸ್ತೆಯನ್ನೂ ಹೆದ್ದಾರಿಯಂತೆ ಹಿಗ್ಗಿಸಿಬಿಡುತ್ತದೆ. ಆ ಫೋಟೋ ನೋಡಿದವರು ‘ಇಷ್ಟು ಜಾಗ ಇದ್ದೂ ಪಕ್ಕಕ್ಕೆ ಸರಿಯಲಿಲ್ಲವಾ’ ಎಂದೇ ಕೇಳುತ್ತಾರೆ. ರಾತ್ರಿ ನಿಂತಿದ್ದ ಕಬ್ಬಿನ ಟ್ರೈಲರಿಗೆ ಗುದ್ದಿದ ಕೇಸಾದರೆ ಟ್ರೈಲರಿನ ಹಿಂಭಾಗವನ್ನು ಕತ್ತಲಲ್ಲಿ ಫ್ಲಾಶ್ ಹಾಕಿ ತೆಗೆಯಬೇಕು. ರೇಡಿಯಂ ಅಂಟಿಸಿದ್ದರೆ ಅದು ಫ್ಲಾಶಿಗೆ ಬೆಂಕಿಯ ಹಾಗೆ ಹೊಳೆಯುತ್ತದೆ, ಇಲ್ಲದಿದ್ದರೆ ಬರೀ ಕಪ್ಪು. ಅದೂ ಬೇಗ ಆಗಬೇಕು. ಠಾಣೆಯ ಮುಂದೆ ನಿಂತ ಗಾಡಿಗೆ ನಾಲ್ಕು ದಿನದಲ್ಲಿ ಹೊಸ ರೇಡಿಯಂ ಹತ್ತಿಕೊಂಡದ್ದನ್ನು ನೋಡಿದ್ದೇನೆ.

2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಕೇಂದ್ರದ ನಿಯಮಗಳ ಪ್ರಕಾರ ತನಿಖಾಧಿಕಾರಿಯೇ ಸ್ಥಳದ ಮತ್ತು ವಾಹನಗಳ ಫೋಟೋ ತೆಗೆದು, ಅಳತೆಯ ನಕ್ಷೆ ಬರೆದು, 48 ಗಂಟೆಯೊಳಗೆ ಮೊದಲ ವರದಿಯನ್ನು ಕ್ಲೇಮ್ಸ್ ಟ್ರಿಬ್ಯುನಲ್ಲಿಗೂ ವಿಮಾ ಕಂಪನಿಗೂ ಕಳಿಸಬೇಕು. ಒಳ್ಳೆಯ ನಿಯಮ. ಆದರೂ ಮನೆಯವರು ತಮ್ಮದೊಂದು ಸೆಟ್ ತೆಗೆಸಿಟ್ಟುಕೊಳ್ಳಲಿ. ಮಹಜರು ನಕ್ಷೆಯಲ್ಲಿ ಬೈಕು ಎಡಕ್ಕಿದ್ದು ಫೋಟೋದಲ್ಲಿ ಬಲಕ್ಕಿದ್ದರೆ ಅದು ಮೊದಲೇ ಗೊತ್ತಾಗುವುದು ಒಳ್ಳೆಯದಲ್ಲವೇ?

ನಮ್ಮ ಕಡೆಯ ಇನ್ನೊಂದು ತಾಪತ್ರಯ ರಸ್ತೆಯ ಮೇಲಿನ ಒಕ್ಕಣೆ. ಹುರುಳಿ, ರಾಗಿಯನ್ನು ಟಾರಿನ ಮೇಲೆ ಹರಡಿ ಗಾಡಿಗಳಿಂದಲೇ ತುಳಿಸುತ್ತಾರೆ. ಬೈಕು ಹುರುಳಿ ಸೊಪ್ಪಿನ ಮೇಲೆ ಜಾರುತ್ತದೆ. ಮಾರನೆಯ ದಿನ ಹೋದರೆ ರಸ್ತೆ ಗುಡಿಸಿದ ಅಂಗಳ. ಹಾಗೆ ತಾನಾಗಿ ಬಿದ್ದವನಿಗೆ ಗುದ್ದಿದ ಗಾಡಿಯೇ ಇಲ್ಲದಿರುವುದರಿಂದ ಎಂ.ವಿ.ಸಿ. ಕೇಸು, ಅಂದರೆ ಮೋಟಾರು ವಾಹನ ಪರಿಹಾರದ ಕೇಸು, ನಿಲ್ಲುವುದು ಕಷ್ಟ. ಆಗ ‘ಯಾವುದಾದ್ರೂ ಗಾಡಿ ತಂದು ಪಕ್ಕದಲ್ಲಿ ನಿಲ್ಸಿ ತೆಗಿ’ ಎನ್ನುವವರು ಬರುತ್ತಾರೆ. ಅವರನ್ನು ಮೆಟ್ಟಿಲಿಂದಲೇ ವಾಪಸು ಕಳಿಸುತ್ತೇನೆ. ಸುಳ್ಳು ಕ್ಲೇಮು ಸಿಕ್ಕಿಬಿದ್ದಾಗ ಅದರ ಬಿಸಿ ನಿಜವಾಗಿ ಏಟು ತಿಂದವನಿಗೂ ತಟ್ಟುತ್ತದೆ. ಮುಂದಿನ ಫೋಟೋಗಳನ್ನೆಲ್ಲ ಕಂಪನಿ ಅನುಮಾನದಿಂದಲೇ ನೋಡುತ್ತದೆ.

ಈಗ ಮಗ್ಗದ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಒಬ್ಬ ರೇಷ್ಮೆ ನೇಕಾರನ ಬಲ ಮಂಡಿ ಅಪಘಾತದಲ್ಲಿ ಮುರಿದಿತ್ತು. ಮೂಳೆ ಕೂಡಿಕೊಂಡಿತ್ತು, ಊರುಗೋಲಿಲ್ಲದೆ ನಡೆಯುತ್ತಿದ್ದ. ಡಾಕ್ಟರು ಕಾಲಿಗೆ ಇಂತಿಷ್ಟು ಶೇಕಡಾ ಊನ ಎಂದು ಬರೆದುಕೊಟ್ಟರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಹಿಡಿಯುವುದು ನಮ್ಮ ಕಡೆಯ ವಾಡಿಕೆ. ಕಾಲಿಗೆ ಶೇ 30 ಎಂದರೆ ದೇಹಕ್ಕೆ ಶೇ 10. ತಿಂಗಳಿಗೆ 12,000 ಆದಾಯ, ವಯಸ್ಸು 38, ಆ ವಯಸ್ಸಿಗೆ ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ ತೀರ್ಪಿನಲ್ಲಿ ಹೇಳಿದ ಗುಣಕ 15 ಎಂದಿಟ್ಟುಕೊಂಡರೆ, ಗಳಿಕೆ ನಷ್ಟದ ಬಾಬತ್ತು 2,16,000 ರೂಪಾಯಿ. ಅದೇ ಊನವನ್ನು ಶೇ 25 ಎಂದು ಹಿಡಿದರೆ 5,40,000. ಜಗಳವೆಲ್ಲ ಈ ಎರಡು ಅಂಕಿಗಳ ನಡುವೆ.

2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪನ್ನು ವಕೀಲರು ನನಗೆ ವಿವರಿಸಿದ್ದು ಆಗಲೇ. ಎಡಗೈ ಕಳೆದುಕೊಂಡವನು ಬಡಗಿಯೋ ಡ್ರೈವರೋ ಆಗಿದ್ದರೆ ಅವನ ಗಳಿಕೆ ಪೂರ್ತಿ ಹೋಯಿತು, ಸರ್ಕಾರಿ ಗುಮಾಸ್ತನಾದರೆ ಕೆಲಸ ಉಳಿಯಬಹುದು. ದೇಹದ ಊನ ಬೇರೆ, ದುಡಿಮೆಯ ಊನ ಬೇರೆ ಎಂದು ಅದರಲ್ಲಿದೆ. 2014ರಲ್ಲಿ ನಮ್ಮ ರಾಜ್ಯದ್ದೇ ಒಬ್ಬ ತರಕಾರಿ ವ್ಯಾಪಾರಿಯ ಕೇಸಿನಲ್ಲಿ, ಕಾಲು ಕಳೆದುಕೊಂಡವನ ದುಡಿಮೆಯ ನಷ್ಟವನ್ನು ಸುಪ್ರೀಂ ಕೋರ್ಟು ಶೇ 85 ಎಂದು ಹಿಡಿಯಿತು.

ಆ ದುಡಿಮೆಯ ಊನವನ್ನೇ ತೋರಿಸಬೇಕೆಂದು ನೇಕಾರನಿಗೆ ‘ಕೆಲ್ಸಕ್ಕೆ ಕುಂತ್ಕಳಪ್ಪ, ಹೆಂಗ್ ಕುಂತ್ಕತಿಯೋ ಹಂಗೆ’ ಎಂದೆ. ಗುಂಡಿ ಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕೂತು ಕಾಲುಗಳನ್ನು ಗುಂಡಿಗೆ ಇಳಿಬಿಟ್ಟು ಹಲಗೆ ತುಳಿಯುತ್ತಾನೆ. ಕೈ ಲಾಳಿ ಓಡಿಸಿದರೆ ಕಾಲು ಎಳೆ ಬಿಚ್ಚಬೇಕು, ಎರಡೂ ಒಂದೇ ತಾಳಕ್ಕೆ. ಅವನು ಹೆಂಡತಿಯ ಹೆಗಲು ಹಿಡಿದು ಇಳಿದ. ಬಲಗಾಲು ಪೂರ್ತಿ ಮಡಚಲಿಲ್ಲ, ಹಲಗೆಯ ಅಂಚಿಗೆ ತಗುಲಿ ನಿಂತಿತು. ಕ್ಯಾಮೆರಾವನ್ನು ಒಂದೇ ಕಡೆ ನಿಲ್ಲಿಸಿ, ಎಲ್ಲಿಯೂ ಕತ್ತರಿಸದೆ, ಹಾಡಿಲ್ಲದೆ, ಕೆಳಗೆ ಅಕ್ಷರವಿಲ್ಲದೆ ರೆಕಾರ್ಡ್ ಮಾಡಿದೆ. ನೋವಿನ ಮುಖ ಮಾಡು ಎಂದು ನಾನೂ ಹೇಳಲಿಲ್ಲ, ಅವನೂ ಮಾಡಲಿಲ್ಲ. ‘ಕುಂತ್ಕಬೋದು ಕಣಣ್ಣ, ಆದ್ರ ಮೇಲಕ್ಕೇಳಕ್ಕಾಗದಿಲ್ಲ’ ಎಂದದ್ದು ಮಾತ್ರ ಅದರಲ್ಲಿ ಕೇಳುತ್ತದೆ.

ಲೋಕ ಅದಾಲತ್‌ಗೆ ಮುಂಚಿನ ಬೈಠಕ್ಕಿನಲ್ಲಿ ವಕೀಲರು ಅದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ಮೈಸೂರಿನಿಂದ ಬಂದಿದ್ದ ಕಂಪನಿಯವರು ಅಲ್ಲಿಯವರೆಗೆ ‘ಕೂತು ಮಾಡುವ ಕೆಲಸ ತಾನೆ’ ಎನ್ನುತ್ತಿದ್ದರು. ಕೂತು ಮಾಡುವುದು ಹೌದು. ಎಲ್ಲಿ ಕೂರಬೇಕು ಎನ್ನುವುದನ್ನು ಅವರು ಕಂಡಿರಲಿಲ್ಲ. ಕೇಳಿದ್ದಷ್ಟು ಸಿಗಲಿಲ್ಲ, ಆದರೆ ಶೇ 10ರ ಮಾತು ಅಲ್ಲಿಗೆ ಬಿಟ್ಟುಹೋಯಿತು.

ಕ್ಯಾಮೆರಾ ಆ ಕಡೆಗೂ ಇರುತ್ತದೆ ಎನ್ನುವುದು ಗೊತ್ತಾದದ್ದು ಇನ್ನೊಂದು ಕೇಸಿನಲ್ಲಿ. ಕಂಪನಿಯ ಪರವಾಗಿ ವಿಚಾರಿಸುವವನೊಬ್ಬ ಸ್ಟುಡಿಯೋಗೆ ಬಂದು, ಇಂಥವರ ತಂಗಿಯ ಮದುವೆ ಆಲ್ಬಮ್ ನಿಮ್ಮದೇ ಅಲ್ಲವಾ, ಕಾಪಿ ಸಿಗುತ್ತದಾ ಎಂದ. ಗಾಯಗೊಂಡ ಅಣ್ಣ ಧಾರೆಯ ಹೊತ್ತಿಗೆ ನಿಂತಿದ್ದ. ನಿಂತ ಆ ಫೋಟೋ ಕಂಪನಿಯ ಕಡೆಯವನಿಗೆ ಬೇಕಿತ್ತು. ಗಿರಾಕಿಯ ಆಲ್ಬಮ್ ಕೊಡುವುದಿಲ್ಲ ಎಂದೆ, ಆದರೆ ಅದೇ ಫೋಟೋ ಫೇಸ್‌ಬುಕ್ಕಿನಲ್ಲಿ ಬಿದ್ದಿತ್ತು. ಧಾರೆ ಮುಗಿದ ಕೂಡಲೇ ಅಣ್ಣ ಕುರ್ಚಿಗೆ ಕುಸಿದದ್ದೂ ನನ್ನ ವಿಡಿಯೋದಲ್ಲಿತ್ತು. ಮನೆಯವರು ಅದನ್ನು ತಾವೇ ವಕೀಲರ ಕೈಗೆ ಕೊಟ್ಟರು. ಗೂಡ್ಸ್ ಟೆಂಪೋದಲ್ಲಿ ಕೂಲಿಗೆ ಹೋಗುವವರು ಗುಂಪಾಗಿ ನಿಂತು ತೆಗೆದುಕೊಳ್ಳುವ ಸೆಲ್ಫಿಯೂ ಇಂಥದ್ದೇ. ಸರಕಿನ ಗಾಡಿಯಲ್ಲಿ ಜನ ಎನ್ನುವುದಕ್ಕೆ ಕಂಪನಿಗೆ ಬೇರೆ ಸಾಕ್ಷಿ ಬೇಡ.

ವಾಟ್ಸಾಪಿನಲ್ಲಿ ಫೋಟೋವನ್ನು ಫೋಟೋವಾಗಿಯೇ ಕಳಿಸಿದರೆ ಗಾತ್ರ ಕುಗ್ಗುತ್ತದೆ, ತೆಗೆದ ವೇಳೆ-ಜಾಗದ ವಿವರ ಅಳಿಯುತ್ತದೆ. ಡಾಕ್ಯುಮೆಂಟಾಗಿ ಕಳಿಸಿ, ಮೂಲ ಕಾರ್ಡು ಎತ್ತಿಡಿ. ಇಂಥ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ, ಹಿಂದೆ 65ಬಿ ಎನ್ನುತ್ತಿದ್ದ ಪ್ರಮಾಣಪತ್ರ 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿಗೆ ಬಂದಿದೆ. ರಾಜಿಯಲ್ಲಿ ಅದನ್ನು ಯಾರೂ ಕೇಳದೆ ಹೋಗಬಹುದು. ರಾಜಿ ಮುರಿದು ವಿಚಾರಣೆಗೆ ಹೋದ ದಿನ ಮಾತ್ರ ಅದಿಲ್ಲದ ವಿಡಿಯೋವನ್ನು ಎದುರು ವಕೀಲರು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹಾಗಾಗಿ ಪೆನ್‌ಡ್ರೈವಿನ ಜೊತೆ ಸಹಿ ಮಾಡಿದ ಪ್ರಮಾಣಪತ್ರವನ್ನೂ ಕೊಟ್ಟೇ ಕಳಿಸುತ್ತೇನೆ. ಅದಾಲತ್‌ನಲ್ಲಿ ಆದ ತೀರ್ಮಾನಕ್ಕೆ ಅಪೀಲು ಇಲ್ಲವಾದ್ದರಿಂದ, ವಿಡಿಯೋ ತೋರಿಸುವುದಿದ್ದರೆ ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲೇ ತೋರಿಸಿ ಎಂದೂ ಹೇಳಿ ಕಳಿಸುತ್ತೇನೆ.