ಎಡಗಡೆ ಚಕ್ರದ ನಟ್ಟು

ಮಗಾ,

ಭಾನುವಾರ ನೀನು ತೆರಕಣಾಂಬಿ ಕಡೆಯಿಂದ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ ಜೀಪನ್ನು ದೊಡ್ಡಪ್ಪ ಕಣ್ಣೆತ್ತಿಯೂ ನೋಡಲಿಲ್ಲ ಅಂತ ನಿನಗೆ ಬೇಜಾರಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದ. ನೋಡಿದ್ದೇನಪ್ಪ. ನೀನು ಚಾಮರಾಜನಗರದ ಬಸ್ಸು ಹತ್ತಿದ ಮೇಲೆ ಗೋಣಿಚೀಲ ಹಾಸಿಕೊಂಡು, ಟಾರ್ಚು ಹಿಡಿದು ಅದರ ಅಡಿಗೆ ಮಲಗಿ ಎರಡು ಗಂಟೆ ನೋಡಿದೆ. ನಿಮ್ಮ ದೊಡ್ಡಮ್ಮ ಎರಡು ಸಲ ಊಟಕ್ಕೆ ಕರೆದಳು, ಮೂರನೇ ಸಲ ಕರೆಯಲಿಲ್ಲ.

ನಿನ್ನೆದುರಿಗೆ ನೋಡದಿದ್ದುದಕ್ಕೆ ಕಾರಣ ನಿನ್ನ ಕೈಯಲ್ಲಿದ್ದ ಪಟ್ಟಿ. ಮ್ಯಾಟ್ ಕಪ್ಪು ಪೇಂಟು, ಸೊಂಟದೆತ್ತರದ ಟೈರು, ತಲೆ ಮೇಲೊಂದು ಎಲ್‌ಇಡಿ ಬಾರು, ಮುಂದಕ್ಕೆ ಕಬ್ಬಿಣದ ಗಾರ್ಡು, ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್. ಗಾಡಿ ಇನ್ನೂ ಒಂದು ಸಲ ಕೆಮ್ಮಿಯೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರ ಎದುರು ಏನು ಮಾತಾಡುವುದು ಅಂತ ಸುಮ್ಮನಿದ್ದೆ.

1968ರಲ್ಲಿ ನನಗೆ ಹದಿನೈದು ವರ್ಷ. ಮೈಸೂರಿನ ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ತೊಳೆಯುವ ಹುಡುಗ. ಅಮೆರಿಕದ ಕಾರುಗಳು ಆಗಲೂ ಬರುತ್ತಿದ್ದವು. ಜನರಲ್ ಮೋಟಾರ್ಸ್‌ನವರು ಬೊಂಬಾಯಿಯಲ್ಲಿ 1928ರಿಂದ ಷೆವ್ರೊಲೆ ಜೋಡಿಸುತ್ತಿದ್ದರು, 1954ರ ಹೊತ್ತಿಗೆ ಬಾಗಿಲು ಹಾಕಿಕೊಂಡು ಹೋದರು. ಅದೇ ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್‌ನವರು ಕ್ರೈಸ್ಲರ್ ಕಂಪನಿಯ ಲೈಸೆನ್ಸಿನಲ್ಲಿ ಡಾಡ್ಜ್, ಪ್ಲಿಮತ್, ಡಿ ಸೋಟೊ ಜೋಡಿಸಿದರು. ನಮ್ಮಲ್ಲಿಗೆ ಕಾಫಿ ತೋಟದವರೊಬ್ಬರ ಪ್ಲಿಮತ್ ಬರುತ್ತಿತ್ತು. ಬಾಗಿಲು ಹಾಕಿದರೆ ಬ್ಯಾಂಕಿನ ತಿಜೋರಿ ಮುಚ್ಚಿದಂಥ ಸದ್ದು. ಒಂದು ದಿನ ಅದರ ಹಿಂದಿನ ಎಡ ಚಕ್ರ ಪಂಕ್ಚರು. ಮೇಸ್ತ್ರಿ ಚಾ ಕುಡಿಯಲು ಹೋಗಿದ್ದರು. ನಾನೇ ಬಿಚ್ಚಿಟ್ಟು ಶಹಭಾಸ್ ಅನ್ನಿಸಿಕೊಳ್ಳೋಣ ಅಂತ ವೀಲ್ ಸ್ಪ್ಯಾನರ್ ಹಾಕಿದೆ. ನಟ್ಟು ಅಲ್ಲಾಡಲಿಲ್ಲ. ಸ್ಪ್ಯಾನರಿಗೆ ಮೂರಡಿ ಪೈಪು ತೂರಿಸಿ ಮೇಲೆ ಹತ್ತಿ ನಿಂತೆ. ಟಕ್ ಅಂತ ಸ್ಟಡ್ಡು ಮುರಿಯಿತು. ಅಲ್ಲಿಗಾದರೂ ಬಿಡಬೇಕಿತ್ತಲ್ಲ, ಎರಡನೆಯದನ್ನೂ ಮುರಿದೆ.

ಮೇಸ್ತ್ರಿ ಬಂದರು. ಹೊಡೆಯಲಿಲ್ಲ. ಕಿವಿ ಹಿಡಿದು ನನ್ನ ಮೂಗನ್ನು ಉಳಿದ ಸ್ಟಡ್ಡಿನ ತುದಿಗೆ ತಂದು ನಿಲ್ಲಿಸಿದರು. ಗ್ರೀಸಿನ ಅಡಿಯಲ್ಲಿ ಒಂದು ಅಕ್ಷರ ಕೊರೆದಿತ್ತು.

‘ಏನ್ಲಾ ಅದು?’

‘ಎಲ್ಲು.’

‘ಓದಕ್ ಬತ್ತದೆ ನಿಂಗೆ. ನೋಡಕ್ ಮಾತ್ರ ಬರಕಿಲ್ಲ.’

ಎಡಗಡೆಯ ಚಕ್ರಗಳಿಗೆ ಎಡಗೈ ತ್ರೆಡ್ಡು ಕಣಪ್ಪ. ಚಕ್ರ ಉರುಳುವ ದಿಕ್ಕಿಗೆ ನಟ್ಟು ಸಡಿಲವಾಗಬಾರದು ಅಂತ ಆ ಕಂಪನಿಯವರ ಲೆಕ್ಕ. 1970ರ ಸುಮಾರಿನವರೆಗೂ ಕ್ರೈಸ್ಲರ್‌ನವರು ಆ ಹಟ ಬಿಡಲಿಲ್ಲ. ನಾವು ಬಿಚ್ಚಲು ತಿರುಗಿಸುವ ಕಡೆಗೆ ಅದು ಬಿಗಿಯಾಗುತ್ತದೆ. ನಾನು ಬಲ ಹಾಕಿದಷ್ಟೂ ಬಿಗಿ ಮಾಡುತ್ತಿದ್ದೆ. ಆ ಎರಡು ಸ್ಟಡ್ಡಿನ ದುಡ್ಡು ನನ್ನ ವಾರದ ಬಟವಾಡೆಯಿಂದ ಹೋಯಿತು. ಕಿವಿಯೂ ಎರಡು ದಿನ ಉರಿಯುತ್ತಿತ್ತು.

‘ಇದು ಮಹೀಂದ್ರಾ ಅಲ್ವಾ ದೊಡ್ಡಪ್ಪ, ಅಮೆರಿಕದ್ದು ಹೇಗೆ’ ಅಂತ ಕೇಳಿದೆಯಲ್ಲ. ಹುಟ್ಟಿದ್ದು ಅಲ್ಲೇ. ಓಹಾಯೋದ ಟೊಲಿಡೊ ಊರಿನ ವಿಲ್ಲೀಸ್ ಕಂಪನಿ. ಎರಡನೇ ಮಹಾಯುದ್ಧದಲ್ಲಿ ಅವರೂ ಫೋರ್ಡ್‌ನವರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದರು. ಫೋರ್ಡ್ ಮಾಡಿದವುಗಳಲ್ಲಿ ಬೋಲ್ಟಿನ ತಲೆಯ ಮೇಲೂ ‘ಎಫ್’ ಅಂತ ಕೊರೆದಿರುತ್ತಿದ್ದರು. ಯುದ್ಧ ಮುಗಿದು, ಸ್ವಾತಂತ್ರ್ಯವೂ ಬಂದ ಮೇಲೆ ಮಹೀಂದ್ರಾದವರು ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿದರು. ನಿನ್ನದು ಸಿಜೆ-3ಬಿ. ಅಮೆರಿಕದಲ್ಲಿ 1953ರಲ್ಲಿ ಬಂದ ಮಾದರಿ. ಅಲ್ಲಿ ನಿಂತುಹೋದ ಮೇಲೂ ಎಷ್ಟೋ ವರ್ಷಗಳವರೆಗೆ ನಮ್ಮಲ್ಲಿ ತಯಾರಾಗುತ್ತಲೇ ಇತ್ತು.

ಅದರ ಬಾನೆಟ್ಟು ಅಷ್ಟು ಎತ್ತರ ಯಾಕಿದೆ ಅಂತ ಯೋಚಿಸಿದ್ದೀಯಾ? ಹಳೇ ಎಂಜಿನ್ನಿನಲ್ಲಿ ಎರಡೂ ವಾಲ್ವು ಬ್ಲಾಕಿನಲ್ಲೇ ಇದ್ದವು. ಹರಿಕೇನ್ ಅನ್ನುವ ಈ 2.2 ಲೀಟರಿನ ಎಂಜಿನ್ನಿನಲ್ಲಿ ಗಾಳಿ ಎಳೆಯುವ ವಾಲ್ವನ್ನು ಮೇಲೆ ಹೆಡ್ಡಿಗೆ ಏರಿಸಿದರು, ಹೊಗೆ ಬಿಡುವುದನ್ನು ಕೆಳಗೆ ಬ್ಲಾಕಿನಲ್ಲೇ ಬಿಟ್ಟರು. ಎಂಜಿನ್ ಎತ್ತರವಾಯಿತು, ಮುಚ್ಚಳವನ್ನೂ ಎತ್ತಬೇಕಾಯಿತು. ಇದನ್ನು ತಿಳಿದುಕೊಂಡರೆ ಮುಂದಿನದೂ ತಿಳಿಯುತ್ತದೆ. ಟ್ಯಾಪೆಟ್ ಸೆಟ್ ಮಾಡುವವರು ಮೇಲಿನ ನಾಲ್ಕನ್ನು ಮಾಡಿ ಕೈ ಒರೆಸಿಕೊಳ್ಳುತ್ತಾರೆ. ಕೆಳಗಿನ ನಾಲ್ಕಕ್ಕೆ ಮ್ಯಾನಿಫೋಲ್ಡಿನ ಅಡಿಯ ತಗಡು ಬಿಚ್ಚಬೇಕು, ಕೈ ಸರಿಯಾಗಿ ಹೋಗುವುದಿಲ್ಲ, ಬೆರಳಿನ ಗೆಣ್ಣು ತರಚುತ್ತದೆ. ನಿನ್ನ ಜೀಪಿನ ಆ ತಗಡಿನ ಮೇಲೆ ಕೂತಿರುವ ಕೊಳೆ ನೋಡಿದರೆ ಅದನ್ನು ತೆಗೆದು ಇಪ್ಪತ್ತು ವರ್ಷವಾದರೂ ಆಗಿರಬೇಕು.

ಈಗ ಎಬ್ಬಿಸುವ ಮಾತು. ಬ್ಯಾಟರಿ ತಂದು ಸೆಲ್ಫ್ ಹೊಡೆಯಲು ಹೋಗಬೇಡ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಎರಡೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡು. ಬೆಳಿಗ್ಗೆ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸು. ಸಲೀಸಾಗಿ ತಿರುಗಿದರೆ ಪ್ಲಗ್ ಹಾಕಿ ಮತ್ತೆ ತಿರುಗಿಸು. ನಾಲ್ಕು ಸಲ ಗಟ್ಟಿಯಾಗಿ ಎದುರು ಒತ್ತಬೇಕು. ಎಲ್ಲಿ ಮೆತ್ತಗಾಗುತ್ತದೋ ಆ ಸಿಲಿಂಡರಿನಲ್ಲಿ ವಾಲ್ವೋ ರಿಂಗೋ ಹೋಗಿದೆ ಅಂತ ನಿನ್ನ ಅಂಗೈಯೇ ಹೇಳುತ್ತದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯಬೇಡ, ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೋ. ಕೆಳಗಿನಿಂದ ಮೇಲಕ್ಕೆ ಎಳೆ, ಮೇಲಿನಿಂದ ಒತ್ತಬೇಡ. ಟೈಮಿಂಗ್ ಮುಂದಾಗಿದ್ದರೆ ಹ್ಯಾಂಡಲ್ ಹಿಂದಕ್ಕೆ ಒದೆಯುತ್ತದೆ. ನನ್ನ ಬಲಗೈ ಹೆಬ್ಬೆರಳು ಸೊಟ್ಟಗಿರುವುದು ಹುಟ್ಟಿನಿಂದ ಬಂದದ್ದಲ್ಲ. ಫೈರಿಂಗ್ ಆರ್ಡರು 1-3-4-2. ಪಾಯಿಂಟಿನ ಗ್ಯಾಪು ಕೂರಿಸುವ ಮೊದಲು ಡಿಸ್ಟ್ರಿಬ್ಯೂಟರ್ ಯಾರದ್ದು ಅಂತ ನೋಡು. ಅಮೆರಿಕದ ಆಟೋಲೈಟಿಗೆ ಒಂದು ಲೆಕ್ಕ, ಲೂಕಸ್‌ಗೆ ಇನ್ನೊಂದು.

ಸ್ಪ್ಯಾನರು ಇಂಚಿನದೇ ಬೇಕು. ನಿನ್ನ ಮಿಲಿಮೀಟರ್ ಸೆಟ್ಟು ಚೆನ್ನಾಗಿದೆ, ನಿನ್ನ ಬೈಕಿಗೆ ಇಟ್ಟುಕೋ. ಅರ್ಧ ಇಂಚಿನ ನಟ್ಟು ಅಂದರೆ 12.7 ಮಿಲಿಮೀಟರು. ಹದಿಮೂರರ ಸ್ಪ್ಯಾನರು ಹಿಡಿದ ಹಾಗೆ ಮಾಡುತ್ತದೆ, ತುಕ್ಕು ಹಿಡಿದಲ್ಲಿ ಜಾರಿ ನಟ್ಟಿನ ಮೂಲೆ ಸವೆಸಿಬಿಡುತ್ತದೆ. ಆಮೇಲೆ ಉಳಿಯುವುದು ಚಾಣವೂ ಸುತ್ತಿಗೆಯೂ.

ಪೆಟ್ರೋಲಿನ ವಿಷಯ ಒಂದಿದೆ, ನಮ್ಮ ಕಾಲದಲ್ಲಿ ಇರಲಿಲ್ಲ. ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ 20 ಪಾಲು ಎಥನಾಲ್. ಹಳೇ ರಬ್ಬರು, ಬಿರಡೆಯ ಪ್ಯಾಕಿಂಗು, ಪೆಟ್ರೋಲ್ ಪಂಪಿನ ಡಯಾಫ್ರಾಮು ಇವಕ್ಕೆಲ್ಲ ಅದು ಆಗಿಬರುವುದಿಲ್ಲ. ಗಾಡಿ ನಿಂತೇ ಇದ್ದರೆ ನೀರು ಹೀರಿಕೊಂಡು ಟ್ಯಾಂಕಿನೊಳಗೆ ತುಕ್ಕು ಬರಿಸುತ್ತದೆ. ವೈಟಾನ್ ಅಂತ ಕೇಳಿ ಪೈಪನ್ನೂ ಡಯಾಫ್ರಾಮನ್ನೂ ಹಾಕಿಸು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬೋರೇಟರ್ ಖಾಲಿ ಮಾಡಿ ನಿಲ್ಲಿಸು.

ಡೀಸೆಲ್ಲಿಗೆ ಬಾ. ಈ ಗುಂಡ್ಲುಪೇಟೆಯಲ್ಲಿ ನಾನೇ ಎಷ್ಟೋ ಜೀಪುಗಳ ಪೆಟ್ರೋಲ್ ಎಂಜಿನ್ ಇಳಿಸಿ ಗುಜರಿಗೆ ಹಾಕಿದ್ದೇನೆ. ಅದಕ್ಕೆ ಪಶ್ಚಾತ್ತಾಪವೇನೂ ಇಲ್ಲ. ಲೀಟರಿಗೆ ಏಳೋ ಎಂಟೋ ಕಿಲೋಮೀಟರು ಕೊಡುವ ಗಾಡಿಯಲ್ಲಿ ವಯನಾಡಿಗೆ ಶುಂಠಿ ಹೊಡೆದು ಸಂಸಾರ ಸಾಗಿಸಲು ಆಗುತ್ತಿತ್ತಾ? ಮಹೀಂದ್ರಾದವರೇ ಆಮೇಲೆ ಡೀಸೆಲ್ ಹಾಕಿ ಕೊಡತೊಡಗಿದರು. ಆದರೆ ನಿನಗೆ ಹೊಟ್ಟೆಪಾಡಿಗೆ ಕೆಲಸವಿದೆ, ಜೀಪು ಆಸೆಗೆ ತಂದದ್ದು. ಅಷ್ಟು ಕೈ ದಾಟಿಯೂ ಈ ಒಂದು ಗಾಡಿಯಲ್ಲಿ ಹುಟ್ಟಿದ ಎಂಜಿನ್ ಉಳಿದುಕೊಂಡಿದೆ. ಅದನ್ನು ಇಳಿಸಲು ನನ್ನ ಗ್ಯಾರೇಜಿನ ಚೈನ್ ಪುಲ್ಲಿ ಕೊಡುವುದಿಲ್ಲ, ಕೇಳಬೇಡ.

ಬದಲಾಯಿಸಲೇಬೇಕು ಅನ್ನಿಸಿದರೆ ಬ್ರೇಕಿನಿಂದ ಶುರುಮಾಡು. ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಎಲ್ಲಾದರೂ ಒಂದು ಪೈಪು ಒಡೆದರೆ ಪೆಡಲ್ ನೇರ ತಗಡಿಗೆ. ಎರಡು ಲೈನಿನ ಮಾಸ್ಟರ್ ಸಿಲಿಂಡರ್ ಹಾಕಿಸು, ಸೀಟ್ ಬೆಲ್ಟು ಹಾಕಿಸು, ಯಾವ ಹಳೇ ಗಾಡಿ ಪ್ರೇಮಿಯೂ ನಿನ್ನನ್ನು ಬೈಯುವುದಿಲ್ಲ. ಬೈದರೆ ಡಿಂಬಂ ಘಾಟಿನ ಇಪ್ಪತ್ತೇಳು ತಿರುವು ಅವನನ್ನೇ ಇಳಿಸಲು ಹೇಳು. ದೊಡ್ಡ ಟೈರು ಮಾತ್ರ ಬೇಡ. ಇದಕ್ಕೆ ಲೆಕ್ಕ ಹಾಕಿ ಕೊಟ್ಟದ್ದು 6.00-16. ಅದಕ್ಕಿಂತ ಭಾರಿಯದು ಹಾಕಿದರೆ ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತದೆ, ಬ್ರೇಕು ಸಾಲದು, ಆಕ್ಸಲ್ ಮುರಿಯುತ್ತದೆ.

ಕಾನೂನೂ ಇದೆ. ಕಂಪನಿ ಕೊಟ್ಟ ಗಾಡಿಯ ಮೂಲ ಸ್ವರೂಪ ಬದಲಾಯಿಸುವ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕಬ್ಬಿಣದ ಗಾರ್ಡು 2017ರಿಂದಲೇ ನಿಷಿದ್ಧ. ಬಣ್ಣ ಬದಲಾದರೂ ಆರ್‌ಸಿಯಲ್ಲಿ ಬರೆಸಬೇಕು. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಅಂತ ಬೇರೆ ನಿಯಮ ಬಂತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ನಂಬರಿನ ನಡುವೆ ‘ವಿಎ’ ಅಂತ ಬರುತ್ತದೆ. ಕೇಳಲು ಗತ್ತಾಗಿದೆ. ಆದರೆ ಆ ನಂಬರಿನ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ, ಪೆಟ್ರೋಲಿಗೆ ಬಿಟ್ಟರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ನಿನಗೆ ಸಂತೆಗೂ ಹೊಲಕ್ಕೂ ಹೋಗುವ ಆಸೆ. ಕೆಎ-10ರ ಆಫೀಸಿಗೆ ಹೋಗಿ ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೋ. ತೊಳೆದು ಒರೆಸಿದ ಗಾಡಿಗಳನ್ನು ನೋಡಬೇಕೆನಿಸಿದರೆ ಶ್ರೀರಂಗಪಟ್ಟಣದ ಹತ್ತಿರ ಪಯಣ ಮ್ಯೂಸಿಯಂ ಇದೆ, ಒಂದು ದಿನ ಹೋಗಿ ಬಾ. ನನಗಂತೂ ಅಲ್ಲಿ ಬಾನೆಟ್ ಎತ್ತಲು ಕೈ ತುರಿಸುತ್ತದೆ.

ಓಡಿಸುವುದು. ಒಂದನೇ ಗೇರಿಗೆ ಸಿಂಕ್ರೋ ಇಲ್ಲ, ಗಾಡಿ ಪೂರ್ತಿ ನಿಂತ ಮೇಲೆ ಹಾಕು, ಇಲ್ಲವೇ ಎರಡು ಸಲ ಕ್ಲಚ್ ಒತ್ತುವುದನ್ನು ಕಲಿ. ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಬೇಡ. ಮುಂದಿನ ಚಕ್ರ ಹಿಂದಿನ ಚಕ್ರ ತಿರುವಿನಲ್ಲಿ ಬೇರೆ ಬೇರೆ ದೂರ ಓಡಬೇಕು, ಕೆಸರಿನಲ್ಲಾದರೆ ಜಾರಿ ಸರಿಹೊಂದುತ್ತವೆ, ಟಾರಿನಲ್ಲಿ ಎಲ್ಲ ಬಿಗಿತವೂ ಗೇರಿನ ಹಲ್ಲಿಗೆ. ಹ್ಯಾಂಡ್‌ಬ್ರೇಕು ಚಕ್ರಕ್ಕಿಲ್ಲ, ಹಿಂದಿನ ಶಾಫ್ಟಿಗೆ ಇದೆ, ಓಡುವಾಗ ಎಳೆಯಬೇಡ. ಗೇರ್‌ಬಾಕ್ಸಿನ ಆಯಿಲು ಪಕ್ಕದ ಟ್ರಾನ್ಸ್‌ಫರ್ ಕೇಸಿಗೆ ಕದ್ದು ಸೇರಿಕೊಳ್ಳುತ್ತದೆ, ನೋಡುವಾಗ ಎರಡನ್ನೂ ನೋಡು. ಬೇಸಿಗೆಯಲ್ಲಿ ಕಲ್ಲಟ್ಟಿ ಘಾಟು ಹತ್ತುವಾಗ ಎಂಜಿನ್ ಮುಗ್ಗರಿಸಿ ನಿಂತರೆ ಹೆದರಬೇಡ. ಪೆಟ್ರೋಲು ಪೈಪಿನೊಳಗೇ ಆವಿಯಾಗಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಒಂದು ಬೀಡಿ ಸೇದುವಷ್ಟು ಹೊತ್ತು ಕಾಯಬೇಕು ಅನ್ನುತ್ತಿದ್ದರು ನಮ್ಮ ಮೇಸ್ತ್ರಿ. ನೀನು ಬೀಡಿ ಬಿಟ್ಟು ಬರೀ ಕಾಯಿ. ಕುದಿಯುವ ರೇಡಿಯೇಟರಿಗೆ ತಣ್ಣೀರು ಸುರಿದರೆ ಬ್ಲಾಕು ಸೀಳುತ್ತದೆ. ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟುವ ಮೊದಲೇ ಎಲ್ಲ ನೋಡಿಕೋ, ಬಂಡೀಪುರದೊಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ, ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ರಸ್ತೆಯೇ ಬಂದ್. ಗೋಪಾಲಸ್ವಾಮಿ ಬೆಟ್ಟವನ್ನು ಈ ಜೀಪು ಆಡಾಡುತ್ತ ಹತ್ತುತ್ತದೆ, ಆದರೆ ಬುಡದಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ಇದಕ್ಕೆ ನನ್ನ ಹತ್ತಿರ ಔಷಧಿಯಿಲ್ಲ.

ಇದರಲ್ಲಿ ಸುಖ ಎಲ್ಲಿದೆ ಅನ್ನುತ್ತೀಯಾ? ಆಷಾಢದಲ್ಲಿ ಸೂರ್ಯಕಾಂತಿ ಹೂ ಬಿಟ್ಟಾಗ ಬೆಳಿಗ್ಗೆ ಆರಕ್ಕೆ ಟಾರ್ಪಾಲು ಬಿಚ್ಚಿ, ಮುಂದಿನ ಗಾಜನ್ನು ಬಾನೆಟ್ಟಿನ ಮೇಲೆ ಮಡಚಿ ಹಾಕಿ, ಹಂಗಳದ ಕಡೆಗೆ ನಲವತ್ತರಲ್ಲಿ ಬಿಡು. ಬಾಯಿ ಮಾತ್ರ ಮುಚ್ಚಿಕೊಂಡಿರು, ಹುಳ ಹಲ್ಲಿಗೆ ಬಡಿಯುತ್ತವೆ.

ಟಾರ್ಚು ಹಿಡಿದು ಕಂಡದ್ದು ಇನ್ನೊಂದಿದೆ. ಮುಂದಿನ ಎಡ ಚಕ್ರದ ಐದೂ ಸ್ಟಡ್ಡಿನ ಮೇಲೆ ‘ಎಲ್’ ಇದೆ. ಹಿಂದಿನ ಎಡ ಚಕ್ರದಲ್ಲಿ ಮೂರರ ಮೇಲೆ ಮಾತ್ರ ಇದೆ. ಉಳಿದೆರಡು ಬಲಗೈಯವು, ಬೇರೆ ಕಬ್ಬಿಣ, ಬುಡದಲ್ಲಿ ವೆಲ್ಡಿಂಗ್ ಕಲೆ. ಯಾವ ಊರಿನ ಯಾವ ಹುಡುಗನೋ ಪೈಪು ತೂರಿಸಿ ಹತ್ತಿ ನಿಂತಿದ್ದ. ಅವೆರಡಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದೇನೆ. ಷೆಡ್ಡಿನ ಸೂರು ಅಲ್ಲಿ ಸೋರುತ್ತದೆ, ಮಳೆ ಬಂದರೆ ಅಳಿಸಿಹೋಗುತ್ತದೆ. ಶನಿವಾರ ಬರುವಾಗ ಒಂದು ನೋಟ್‌ಬುಕ್ ತಗೊಂಡು ಬಾ.