ಗಾಳದ ಕೋಲಿಗೆ ಎಪಾಕ್ಸಿ: ನೂಲು ಮಳೆಗಾಲಕ್ಕೆ, ಲೇಪ ದೀಪಾವಳಿ ಕಳೆದ ಮೇಲೆ

ಮಲೆನಾಡಿನಲ್ಲಿ ಗಾಳದ ಕೋಲು ಮಾಡುತ್ತ ಕೂರಲು ಬಿಡುವು ಸಿಗುವುದು ಮಳೆಗಾಲದಲ್ಲಿ. ಎಪಾಕ್ಸಿಗೆ ಆಗಿಬಾರದ ಕಾಲವೂ ಅದೇ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಉಪ್ಪಿನ ಭರಣಿಯಲ್ಲಿ ನೀರಾಡುತ್ತದೆ, ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಅಂಥ ಗಾಳಿಯಲ್ಲಿ ಹಚ್ಚಿದ ಎಪಾಕ್ಸಿ ಎಷ್ಟೇ ದುಬಾರಿಯದಾದರೂ ಮಸುಕಾಗುತ್ತದೆ, ಮೇಲೆ ಜಿಡ್ಡು ಕಟ್ಟುತ್ತದೆ. ಹಾಗಾಗಿ ಕೋಲು ಕಟ್ಟುವವರು ಕೆಲಸವನ್ನು ಎರಡಾಗಿ ಹಂಚಿಕೊಳ್ಳುವುದು ಒಳ್ಳೆಯದು. ರಿಂಗ್ ಜೋಡಿಸಿ ನೂಲು ಸುತ್ತುವುದು ಆಷಾಢ, ಶ್ರಾವಣದಲ್ಲಿ. ಲೇಪ ದೀಪಾವಳಿ ಕಳೆದ ಮೇಲೆ, ಅಡಿಕೆ ಕೊಯ್ಲಿನ ನಡುವೆ ಒಂದು ದಿನ ಹೊಂದಿಸಿಕೊಂಡು.

ವಾಟೆ ಬಿದಿರಿನ ಗಾಳಕ್ಕೆ ಇದಾವುದೂ ಬೇಡ. ತುದಿಗೆ ದಾರ ಕಟ್ಟಿ, ಎರೆಹುಳ ಚುಚ್ಚಿ, ಹಳ್ಳದ ಬದಿಯಲ್ಲಿ ಕುಳಿತರಾಯಿತು. ಆದರೆ ಎನ್.ಆರ್. ಪುರದ ಭದ್ರಾ ಹಿನ್ನೀರಿನಂಥ ಅಗಲದ ನೀರಿನಲ್ಲಿ ಕಾಟ್ಲಾ, ರೋಹು ಹಿಡಿಯಲು ದಾರವನ್ನು ದೂರ ಎಸೆಯಬೇಕು. ಅದಕ್ಕೆ ರೀಲ್ ಬೇಕು. ರೀಲ್‌ನಿಂದ ತುದಿಯವರೆಗೆ ದಾರ ಹಾಯಲು ಫೈಬರ್ ಅಥವಾ ಕಾರ್ಬನ್ ಕೋಲಿನ ಮೇಲೆ ಸಾಲಾಗಿ ರಿಂಗ್‌ಗಳು ಬೇಕು. ಈ ರಿಂಗ್‌ಗಳ ಪಾದವನ್ನು ಕೋಲಿಗೆ ಹಿಡಿದಿಡುವುದು ಬಿಗಿಯಾಗಿ ಸುತ್ತಿದ ನೈಲಾನ್ ನೂಲು. ಆ ನೂಲು ನೀರಿಗೆ, ಬಿಸಿಲಿಗೆ, ಕಲ್ಲಿನ ಉಜ್ಜಿಗೆ ಹಾಳಾಗದಂತೆ ಕಾಯುವುದು ಎಪಾಕ್ಸಿ. ಹಿಂದೆ ಈ ಜಾಗದಲ್ಲಿ ರೇಷ್ಮೆ ನೂಲು, ವಾರ್ನಿಷ್ ಇದ್ದವು. ಆ ಕಾಲದ ಗಾಳಗಾರ, ಮೈಸೂರಿನ ಡಿ ವೆಟ್ ವಾನ್ ಇಂಗೆನ್ ಕಬಿನಿ ಹೊಳೆಯಲ್ಲಿ 120 ಪೌಂಡಿನ ಮಹಶೀರ್ ಹಿಡಿದದ್ದು 1946ರಲ್ಲಿ. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಅರಾಲ್ಡೈಟ್ ಎಂಬ ಎಪಾಕ್ಸಿ ಅಂಟನ್ನು ಜನರ ಮುಂದಿಟ್ಟದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ, ಆದರೂ ನೆನಪಿಡಲು ಚೆನ್ನಾಗಿದೆ.

ಯಾವ ಎಪಾಕ್ಸಿ?

ನಮ್ಮ ಪೇಟೆಗಳ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವುದು ಅರಾಲ್ಡೈಟ್. ಅದು ಅಂಟು, ಲೇಪವಲ್ಲ. ದಪ್ಪ, ತಾನಾಗಿ ಹರಿದು ಸಮನಾಗುವುದಿಲ್ಲ, ಬಣ್ಣವೂ ಹಳದಿ. ಹಿಡಿಕೆ ಮತ್ತು ರೀಲ್ ಕೂರಿಸುವ ಸೀಟನ್ನು ಕೋಲಿಗೆ ಅಂಟಿಸಲು ಮಾತ್ರ ಬಳಸಿ. ಅಲ್ಲಿಯೂ ಐದು ನಿಮಿಷದಲ್ಲಿ ಗಟ್ಟಿಯಾಗುವುದನ್ನು ಬಿಟ್ಟು ನಿಧಾನದ್ದನ್ನೇ ಕೊಳ್ಳಿ, ಅದು ನೀರನ್ನು ಹೆಚ್ಚು ತಡೆಯುತ್ತದೆ. ಕರಕುಶಲ ಕೆಲಸಕ್ಕೆ ಮಾರುವ ಆರ್ಟ್ ರೆಸಿನ್ ಹೊಳಪೇನೋ ಕೊಡುತ್ತದೆ, ಆದರೆ ತೀರ ತೆಳು. ಕೋಲಿನ ಮೇಲೆ ನಿಲ್ಲದೆ ಕೆಳಗಿಳಿಯುತ್ತದೆ. ಅದರ ಅಳತೆಯೂ ಬೇರೆ, ಹಲವು ಬ್ರ್ಯಾಂಡ್‌ಗಳಲ್ಲಿ ಎರಡಕ್ಕೆ ಒಂದು ಅಥವಾ ಮೂರಕ್ಕೆ ಒಂದು. ಬೇಕಾದದ್ದು ‘ರಾಡ್ ಫಿನಿಶ್’ ಎಂದೇ ಮಾರುವ ಎಪಾಕ್ಸಿ. ಆನ್‌ಲೈನಿನಲ್ಲಿ ತರಿಸಬೇಕು. ಗಟ್ಟಿಯಾದ ಮೇಲೂ ಕೋಲಿನ ಜೊತೆ ಬಾಗುವ ಗುಣ ಅದಕ್ಕಿದೆ. ರೆಸಿನ್ ಒಂದು ಬಾಟಲಿ, ಹಾರ್ಡ್‌ನರ್ ಇನ್ನೊಂದು ಬಾಟಲಿ, ಸಾಮಾನ್ಯವಾಗಿ ಸಮಸಮ ಅಳತೆ.

ಜಾಗ ಮತ್ತು ಹೊತ್ತು

ಹಂಚಿನ ಮನೆಯಾದರೆ ಮುಚ್ಚಿಗೆ ಇರುವ ಕೋಣೆಯನ್ನೇ ಆರಿಸಿ. ಬರೀ ಹಂಚಿನ ಕೆಳಗೆ ಕುಳಿತರೆ ಮೇಲಿನಿಂದ ಧೂಳು, ಇಲ್ಲಣ ಉದುರುವುದು ಖಚಿತ. ಹಿಂದಿನ ದಿನವೇ ಗುಡಿಸಿ, ಒರೆಸಿ, ಫ್ಯಾನ್ ನಿಲ್ಲಿಸಿ. ಉಣ್ಣೆಯ ಸ್ವೆಟರ್ ತೊಟ್ಟು ಕೂರಬೇಡಿ, ಅದರ ಒಂದೊಂದು ಎಳೆಯೂ ಎಪಾಕ್ಸಿಯ ಮೇಲೆ ಬಂದು ಮಲಗುತ್ತದೆ. ರಾತ್ರಿ ದೀಪದಡಿ ಹಚ್ಚಿದರೆ ಹುಳಗಳು ಅದರಲ್ಲಿಯೇ ಸಮಾಧಿ.

ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಹತ್ತು ಹನ್ನೊಂದರ ಹೊತ್ತಿಗೆ ಶುರು ಮಾಡುವುದು ಸರಿ. ಸಂಜೆ ತಂಪು ಇಳಿಯುವಷ್ಟರಲ್ಲಿ ಲೇಪ ಗಟ್ಟಿಯಾಗಲು ತೊಡಗಿರುತ್ತದೆ. ಕೋಣೆಯಲ್ಲಿ 22ರಿಂದ 27 ಡಿಗ್ರಿ ಇದ್ದರೆ ಚೆನ್ನ. ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮೀಟರ್ ಅಗ್ಗಕ್ಕೆ ಸಿಗುತ್ತದೆ. ಅದು ಶೇ 60ರ ಆಸುಪಾಸು ತೋರಿಸಿದರೆ ಧೈರ್ಯವಾಗಿ ಹಚ್ಚಿ, ಶೇ 80 ದಾಟಿದ್ದರೆ ಬಾಟಲಿಯ ಮುಚ್ಚಳ ತೆರೆಯಬೇಡಿ.

ಚಳಿಗೆಂದು ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವವರಿದ್ದಾರೆ. ಅದು ಕೆಲಸ ಕೆಡಿಸುತ್ತದೆ. ಎಪಾಕ್ಸಿಯ ಮೇಲೆ ಜಿಡ್ಡು ಕಟ್ಟುವುದು ಹಾರ್ಡ್‌ನರ್‌ನಲ್ಲಿರುವ ಅಮೀನ್ ಗಾಳಿಯ ತೇವ ಹಾಗೂ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿದಾಗ. ಬೆಂಕಿ ಈ ಡೈಆಕ್ಸೈಡನ್ನು ಕೋಣೆಗೆ ತುಂಬುತ್ತದೆ, ಗ್ಯಾಸ್ ಒಲೆಯಾದರೆ ನೀರಾವಿಯನ್ನೂ ಸೇರಿಸುತ್ತದೆ. ಮಳೆಗಾಲದಲ್ಲಿಯೇ ಮುಗಿಸಲೇಬೇಕಾದ ಕೋಲಿದ್ದರೆ, ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಹಳೆ ಕಾಲದ 60 ವ್ಯಾಟ್ ಬಲ್ಬನ್ನು ಕೆಲವು ಗಂಟೆ ಉರಿಸಿ ನೂಲು ಮತ್ತು ಕೋಲಿನ ತೇವ ಆರಿಸಿಕೊಳ್ಳಿ. ಆದರೂ ಮಾಘದ ಬಿಸಿಲಿನಲ್ಲಿ ಬಂದಷ್ಟು ತಿಳಿಯಾಗಿ ಬಾರದು.

ಅಳತೆ ತಪ್ಪಿದರೆ ಎಲ್ಲ ತಪ್ಪಿದಂತೆ

ಎಪಾಕ್ಸಿ ಬಣ್ಣದ ಹಾಗೆ ಒಣಗುವುದಿಲ್ಲ. ರೆಸಿನ್ನಿನ ಅಣು ಹಾರ್ಡ್‌ನರಿನ ಅಣುವಿನೊಡನೆ ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತದೆ. ಒಂದು ಹೆಚ್ಚಾದರೆ ಜೋಡಿ ಸಿಗದೆ ಉಳಿದದ್ದು ಶಾಶ್ವತವಾಗಿ ಅಂಟಂಟು. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಒಂದು ಹನಿ ಹೆಚ್ಚು ಹಾಕುವುದು ಇದಕ್ಕೇ ತಪ್ಪು. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕೆಲಸ ಮಾಡಿದವರಿಗೆ ಈ ಅಭ್ಯಾಸ ಇರುತ್ತದೆ, ಇಲ್ಲಿ ಬಿಡಬೇಕು.

ಅಳೆಯಲು ಸಿರಿಂಜ್ ಬಳಸಿ. ಆದರೆ ಔಷಧಿ ಅಂಗಡಿಯ ಸಿರಿಂಜ್‌ನ ಕಪ್ಪು ರಬ್ಬರಿಗೆ ಸಿಲಿಕೋನ್ ಸವರಿರುತ್ತದೆ. ಅದರ ಲವಲೇಶ ಸೇರಿದರೂ ಲೇಪ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ. ರಬ್ಬರ್ ಇಲ್ಲದ, ಪೂರ್ತಿ ಪ್ಲಾಸ್ಟಿಕ್ಕಿನ ಸಿರಿಂಜ್ ತರಿಸಿ. ರೆಸಿನ್‌ಗೊಂದು, ಹಾರ್ಡ್‌ನರ್‌ಗೊಂದು, ಎರಡಕ್ಕೂ ಮಾರ್ಕರ್‌ನಲ್ಲಿ ಗುರುತು. ಬಾಟಲಿಯ ಮುಚ್ಚಳಗಳಿಗೂ ಗುರುತು ಹಾಕಿ. ಮುಚ್ಚಳ ಅದಲುಬದಲಾದರೆ ಬಾಟಲಿ ಮತ್ತೆ ತೆರೆಯಲು ಬಾರದು.

ತಕ್ಕಡಿಯಲ್ಲಿ ತೂಗಬಹುದೇ? ಬಾಟಲಿಯ ಮೇಲೆ ತೂಕದ ಲೆಕ್ಕ ಬರೆದಿದ್ದರೆ ಮಾತ್ರ. ರೆಸಿನ್ ಹಾರ್ಡ್‌ನರ್‌ಗಿಂತ ತೂಕದ್ದು. ನಿಧಾನದ ಅರಾಲ್ಡೈಟ್ ಅಳತೆಯಲ್ಲಿ ಸಮಸಮವಾದರೂ ತೂಕದಲ್ಲಿ 100ಕ್ಕೆ 80. ಇನ್ನು ಪ್ರಮಾಣ: ಒಂದೇ ರಿಂಗ್‌ಗೆ ಹಚ್ಚುವುದಿದ್ದರೂ 3 ಮಿಲಿಲೀಟರ್ ರೆಸಿನ್, 3 ಮಿಲಿಲೀಟರ್ ಹಾರ್ಡ್‌ನರ್‌ಗಿಂತ ಕಡಿಮೆ ಕಲಸಬೇಡಿ. ಒಂದು ಮಿಲಿಲೀಟರಿನಲ್ಲಿ ಒಂದು ಹನಿಯ ವ್ಯತ್ಯಾಸವೂ ದೊಡ್ಡದು. ಉಳಿದದ್ದು ಹಾಳಾಗುತ್ತದೆಂಬ ಜಿಪುಣತನ ಕೋಲಿಗೇ ಎರವಾಗುತ್ತದೆ.

ಚಳಿಗೆ ರೆಸಿನ್ ಜೇನಿನಂತೆ ಹರಳುಗಟ್ಟಿದ್ದರೆ ಗಾಬರಿ ಬೇಡ. ಬಚ್ಚಲ ಹಂಡೆಯ ಬಿಸಿನೀರನ್ನು ಪಾತ್ರೆಗೆ ತೋಡಿಕೊಂಡು ಮುಚ್ಚಳ ಬಿಗಿದ ಬಾಟಲಿಯನ್ನು ಅದರಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಕರಗುತ್ತದೆ. ಬೆಚ್ಚಗಿನ ರೆಸಿನ್ ತೆಳುವಾಗುವುದರಿಂದ ಗುಳ್ಳೆಗಳೂ ಬೇಗ ಮೇಲೇಳುತ್ತವೆ. ಆದರೆ ಬಿಸಿ ಹೆಚ್ಚಿದಷ್ಟೂ ಕೈಯಲ್ಲಿರುವ ಸಮಯ ಕಡಿಮೆ. ಹತ್ತು ಡಿಗ್ರಿ ಏರಿದರೆ ಗಟ್ಟಿಯಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿ. ಬಾಟಲಿಯ ಹೊರಮೈ ಒರೆಸಿಯೇ ಮುಚ್ಚಳ ತೆಗೆಯಿರಿ, ಒಂದು ಹನಿ ನೀರೂ ಒಳಗೆ ಬೀಳಬಾರದು.

ಕಲಸುವುದು

ಕಾಗದದ ಲೋಟ ಬೇಡ, ಕೆಲವುಗಳ ಒಳಮೈಗೆ ಮೇಣ ಇರುತ್ತದೆ. ನುಣುಪಾದ ಸಣ್ಣ ಪ್ಲಾಸ್ಟಿಕ್ ಲೋಟ ಸಾಕು. ಐಸ್‌ಕ್ರೀಂ ಕಡ್ಡಿಯೂ ಬೇಡ, ಮರದ ಎಳೆಗಳ ನಡುವಿನ ಗಾಳಿ, ತೇವ ಎರಡೂ ಎಪಾಕ್ಸಿಗೆ ಇಳಿಯುತ್ತವೆ. ತುದಿ ದುಂಡಾದ ಸ್ಟೀಲ್ ಕಡ್ಡಿ ತೆಗೆದುಕೊಳ್ಳಿ. ಗಡಿಯಾರ ನೋಡಿ ಮೂರು ನಿಮಿಷ ತಿರುಗಿಸಿ. ಮಜ್ಜಿಗೆ ಕಡೆಯುವ ರಭಸ ಬೇಡ, ಕಡ್ಡಿಯನ್ನು ಎತ್ತದೆ ತಳದಲ್ಲಿಯೇ ನಿಧಾನವಾಗಿ ಸುತ್ತಿಸಿ. ನಡುನಡುವೆ ಲೋಟದ ಬದಿ, ತಳ, ಕಡ್ಡಿಗೆ ಮೆತ್ತಿದ್ದು ಎಲ್ಲವನ್ನೂ ಬಳಿದು ಒಳಕ್ಕೆ ಸೇರಿಸಿ. ಮೊದಲು ಕಾಣುವ ಹೊಗೆಯೆಳೆಯಂಥ ಗೆರೆಗಳು ಪೂರ್ತಿ ಮಾಯವಾದರೆ ಕಲಸಿದ್ದು ಸರಿಯಾಗಿದೆ.

ಕಲಸಿದ ಕೂಡಲೇ ಅದನ್ನು ಅಲ್ಯೂಮಿನಿಯಂ ಫಾಯಿಲ್ ಹರಡಿದ ತಟ್ಟೆಗೆ ಸುರಿಯಿರಿ. ಲೋಟದಲ್ಲಿ ಗುಂಪಾಗಿ ಉಳಿದ ಎಪಾಕ್ಸಿ ತನ್ನ ಬಿಸಿಗೆ ತಾನೇ ಕಾದು ಬೇಗ ಗಟ್ಟಿಯಾಗುತ್ತದೆ. ತೆಳುವಾಗಿ ಹರಡಿದರೆ ಬಿಸಿ ಆರುತ್ತದೆ, ಗುಳ್ಳೆ ಒಡೆಯುತ್ತದೆ, ಕೆಲಸಕ್ಕೆ ಸಮಯ ಸಿಗುತ್ತದೆ. ಲೋಟದ ಬದಿಗೆ ಅಂಟಿದ್ದನ್ನು ಕೆರೆದು ತಟ್ಟೆಗೆ ಹಾಕಬೇಡಿ, ಸರಿಯಾಗಿ ಕಲೆಯದೆ ಉಳಿದಿರುವುದು ಅಲ್ಲಿಯೇ.

ಹಚ್ಚುವುದು

ನೂಲಿನ ಮೇಲೆ ಎದ್ದ ಎಳೆಗಳನ್ನು ಲೈಟರ್ ಜ್ವಾಲೆಯನ್ನು ಒಮ್ಮೆ ಹಾಯಿಸಿ ಮೊದಲೇ ಸುಟ್ಟುಕೊಂಡಿರಿ. ಬಣ್ಣ ಉಳಿಸುವ ಕಲರ್ ಪ್ರಿಸರ್ವರ್ ಹಚ್ಚದ ಸಾದಾ ನೈಲಾನ್ ನೂಲು ಎಪಾಕ್ಸಿ ಕುಡಿದು ಗಾಢವಾಗುತ್ತದೆ, ಕೆಂಪು ಮೆರೂನ್ ಆಗುತ್ತದೆ. ನನಗೆ ಆ ಬಣ್ಣವೇ ಇಷ್ಟ. ನೂಲಿಗೆ ಕೈಬೆವರು, ಎಣ್ಣೆ ತಾಗಿಸಬೇಡಿ. ಕೋಲನ್ನು ಸ್ಪಿರಿಟ್‌ನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ, ಬಾಟಲಿ ದೂರವಿಟ್ಟು ಮುಂದುವರಿಯಿರಿ. ಜ್ವಾಲೆ, ಸ್ಪಿರಿಟ್ ಬಾಟಲಿ ಒಂದೇ ಮೇಜಿನ ಮೇಲಿರಬಾರದು.

ಕೋಲು ನೆಲಕ್ಕೆ ಸಮಾನಾಂತರವಾಗಿ ಇರಬೇಕು. ಕೈಯಲ್ಲಿ ಅಥವಾ ಮೋಟರ್‌ನಲ್ಲಿ ತಿರುಗಿಸುತ್ತ, ಮೃದುವಾದ ನೈಲಾನ್ ಬ್ರಷ್ಷಿನಿಂದ ನೂಲಿನ ನಡುವಿನಿಂದ ಅಂಚಿನ ಕಡೆಗೆ ಹರಡಿ. ಮೊದಲ ಲೇಪದ ಉದ್ದೇಶ ಹೊಳಪಲ್ಲ, ನೂಲಿನೊಳಗಿನ ಗಾಳಿಯನ್ನು ಹೊರಗೆ ಹಾಕುವುದು. ಆದ್ದರಿಂದ ತೆಳುವಾಗಿರಲಿ. ರಿಂಗ್ ಪಾದದ ಎರಡೂ ಬದಿಗೆ ಸಣ್ಣ ಸುರಂಗ ಇರುತ್ತದೆ, ಅಲ್ಲಿ ಎಪಾಕ್ಸಿ ತುಂಬಿಕೊಳ್ಳುವವರೆಗೆ ಬಿಡಬೇಡಿ. ಅಲ್ಲಿ ಉಳಿದ ಗಾಳಿಯೇ ಅರ್ಧ ಗಂಟೆ ಕಳೆದ ಮೇಲೆ ಗುಳ್ಳೆಯಾಗಿ ಹೊರಬರುವುದು.

ಅಂಚು ನೇರವಾಗಿ ಬರಬೇಕಾದರೆ ಬ್ರಷ್ ಓಡಾಡಬಾರದು, ಕೋಲು ತಿರುಗಬೇಕು. ಬ್ರಷ್ಷಿನ ತುದಿಯನ್ನು ನೂಲು ಮುಗಿಯುವಲ್ಲಿ ತಾಗಿಸಿ ಕೈ ಅಲುಗಿಸದೆ ಹಿಡಿಯಿರಿ, ಇನ್ನೊಂದು ಕೈ ಕೋಲನ್ನು ಒಂದು ಸುತ್ತು ತಿರುಗಿಸಲಿ. ಲೇಪ ನೂಲನ್ನು ದಾಟಿ ಕೋಲಿನ ಮೇಲೆ ಒಂದು ಮಿಲಿಮೀಟರಿನಷ್ಟು ಕುಳಿತರೆ ನೀರು ಒಳನುಗ್ಗದು.

ಹತ್ತು ನಿಮಿಷ ಬಿಟ್ಟು ನೋಡಿ. ತಿರುಗಿಸುವುದನ್ನು ನಿಲ್ಲಿಸಿದಾಗ ಕೆಳಗೆ ಹೊಟ್ಟೆ ಕಟ್ಟಿದರೆ ಹೆಚ್ಚಾಗಿದೆ ಎಂದರ್ಥ. ಒಣ ಬ್ರಷ್ ತಾಗಿಸಿ ಎತ್ತಿಬಿಡಿ. ಉಳಿದ ಗುಳ್ಳೆಗಳಿಗೆ ಸ್ಪಿರಿಟ್ ದೀಪದ ಜ್ವಾಲೆಯನ್ನು ಕ್ಷಣಮಾತ್ರ ಕೆಳಗಿನಿಂದ ಹಾಯಿಸಿ. ನಿಲ್ಲಿಸಿದರೆ ಕೋಲು ಸುಟ್ಟೀತು. ಬಾಯಿಯಿಂದ ಊದುವ ರೂಢಿಯೂ ಇದೆ. ನಮ್ಮ ಹವೆಯಲ್ಲಿ ಬೇಡ, ಉಸಿರಿನಲ್ಲಿರುವುದೂ ತೇವವೇ.

ಇನ್ನು ತಿರುಗಿಸುವ ಕೆಲಸ. ನಿಮಿಷಕ್ಕೆ 6ರಿಂದ 18 ಸುತ್ತಿನ ಮೋಟರ್ ಸಾಕು. ಹಳೆ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟರನ್ನು ಹಲವರು ಬಳಸುತ್ತಾರೆ. ಅದನ್ನು ರಿಪೇರಿಯವರಿಂದಲೇ ತೆಗೆಸಿ, ಒಲೆಯೊಳಗಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯಬಲ್ಲದು. ಮೋಟರಿನ ಮೇಲಿನ ಚೀಟಿಯನ್ನೂ ಓದಿ, 21 ವೋಲ್ಟಿನವೂ ಇರುತ್ತವೆ. ಕರೆಂಟ್ ಹೋದರೆ ಕೈಯಲ್ಲಿಯೇ ತಿರುಗಿಸಬೇಕು. ಮೊದಲ ಒಂದು ಗಂಟೆ ಎರಡು ಮೂರು ನಿಮಿಷಕ್ಕೊಮ್ಮೆ ಅರ್ಧ ಸುತ್ತು, ಆಮೇಲೆ ಅಂತರ ಹೆಚ್ಚಿಸುತ್ತ ಲೇಪ ಹರಿಯುವುದು ನಿಲ್ಲುವವರೆಗೆ. ನಾಲ್ಕೈದು ಗಂಟೆ ಎದ್ದು ಹೋಗುವಂತಿಲ್ಲ.

ಎರಡನೆಯ ಲೇಪ ಮರುದಿನ. ಎದ್ದು ನಿಂತ ಚೂರುಗಳನ್ನು ಹೊಸ ಬ್ಲೇಡಿನಿಂದ ಸವರಿ ತೆಗೆಯಿರಿ. ಮೇಲ್ಮೈ ಜಿಡ್ಡಾಗಿದ್ದರೆ ಉಗುರುಬೆಚ್ಚಗಿನ ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಸಣ್ಣ ಮರಳು ಕಾಗದ ಆಡಿಸಿ. ತೊಳೆಯದೆ ಉಜ್ಜಿದರೆ ಜಿಡ್ಡು ಎಲ್ಲ ಕಡೆ ಹರಡುತ್ತದೆ. ಎರಡು ದಿನ ಕಳೆದರೂ ಅಂಟಂಟು ಉಳಿದರೆ ಬಿಸಿಲಿಗಿಟ್ಟು ಕಾಯುವುದರಿಂದ ಪ್ರಯೋಜನವಿಲ್ಲ. ಸರಿಯಾಗಿ ಅಳೆದು ಕಲಸಿದ ಇನ್ನೊಂದು ತೆಳು ಲೇಪವನ್ನು ಅದರ ಮೇಲೆಯೇ ಹಚ್ಚಿ. ಸಾಮಾನ್ಯವಾಗಿ ಸರಿಹೋಗುತ್ತದೆ. ಇನ್ನೂ ದ್ರವವಾಗಿಯೇ ಇದ್ದರೆ ಮಾತ್ರ ಎಲ್ಲ ಒರೆಸಿ, ನೂಲು ಬಿಚ್ಚಿ, ಮೊದಲಿನಿಂದ.

ಕೈಗೆ ನೈಟ್ರೈಲ್ ಗ್ಲೌಸ್ ಕಡ್ಡಾಯ. ಎಪಾಕ್ಸಿ ಮತ್ತೆ ಮತ್ತೆ ಚರ್ಮಕ್ಕೆ ತಾಗಿದರೆ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದ್ದು ಹೋಗುವುದಿಲ್ಲ. ಚರ್ಮಕ್ಕೆ ತಾಗಿದ್ದನ್ನು ಸೋಪಿನಿಂದ ತೊಳೆಯಿರಿ, ಸ್ಪಿರಿಟ್ ಹಾಕಿ ಉಜ್ಜಿದರೆ ಇನ್ನೂ ಒಳಗಿಳಿಯುತ್ತದೆ. ಬ್ರಷ್, ಲೋಟಗಳನ್ನು ಹೊಳೆಯಲ್ಲಾಗಲಿ ಬಾವಿಕಟ್ಟೆಯಲ್ಲಾಗಲಿ ತೊಳೆಯಬೇಡಿ. ಉಳಿದ ಎಪಾಕ್ಸಿ ಕಲ್ಲಿನಂತಾಗುವವರೆಗೆ ಮಕ್ಕಳ ಕೈಗೆ ಸಿಗದಂತೆ ಹೊರಗಿಟ್ಟು, ಆಮೇಲೆ ಕಸಕ್ಕೆ ಹಾಕಿ.

ಕೋಲನ್ನು ಒಂದು ವಾರ ಬಗ್ಗಿಸದೆ ಬಿಡಿ. ಅಷ್ಟರಲ್ಲಿ ಮೀನುಗಾರಿಕೆ ಇಲಾಖೆಯಲ್ಲಿ ಯಾವ ನೀರಿಗೆ ಪರವಾನಗಿ ಬೇಕೆಂದು ವಿಚಾರಿಸಿಕೊಳ್ಳಿ. ಭದ್ರಾ ಹಿನ್ನೀರಿನ ಒಂದು ಭಾಗ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿಕೊಂಡಿದೆ, ಅತ್ತ ಗಾಳ ಒಯ್ಯಬೇಡಿ. ಶೃಂಗೇರಿಯಲ್ಲಿ ಮಠದ ಮೆಟ್ಟಿಲ ಬುಡಕ್ಕೆ ಬರುವ ತುಂಗೆಯ ಮೀನುಗಳಿಗಂತೂ ಮಂಡಕ್ಕಿ ಮಾತ್ರ.